ಬೆಳಗಿನ ಆರು ಗಂಟೆಯ ರಕ್ತ

ಐಸಿಯು ಬಿಲ್ಲು ಬೆಳೆಯುವುದು ಯಾವುದೋ ದೊಡ್ಡ ಆಪರೇಷನ್ನಿನಿಂದ, ಇಲ್ಲವೇ ಯಾವುದೋ ದುಬಾರಿ ಮಷೀನಿನಿಂದ ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ನಾನು ಕಂಡ ಮಟ್ಟಿಗೆ ಅದು ಬೆಳೆಯುವುದು ಬೆಳಗಿನ ಆರು ಗಂಟೆಗೆ. ನೈಟ್ ಡ್ಯೂಟಿಯ ಹುಡುಗ ಕಣ್ಣುಜ್ಜಿಕೊಂಡು ಎದ್ದು ಟ್ರಾಲಿ ತಳ್ಳುತ್ತಾ ಒಂದೊಂದೇ ಬೆಡ್ಡಿನ ಹತ್ತಿರ ನಿಲ್ಲುತ್ತಾನೆ. ನೇರಳೆ ಮುಚ್ಚಳದ ಟ್ಯೂಬು ಸಿಬಿಸಿಗೆ (ರಕ್ತಕಣಗಳ ಎಣಿಕೆ), ನೀಲಿಯದ್ದು ರಕ್ತ ಹೆಪ್ಪುಗಟ್ಟುವ ಟೆಸ್ಟಿಗೆ, ಇನ್ನೊಂದು ಕಿಡ್ನಿ-ಲಿವರಿಗೆ, ಹೆಪಾರಿನ್ ಸಿರಿಂಜ್ ಎಬಿಜಿಗೆ, ಅಂದರೆ ರಕ್ತದಲ್ಲಿನ ಆಮ್ಲಜನಕ, ಆಮ್ಲತೆ ಅಳೆಯುವ ಟೆಸ್ಟಿಗೆ. ಯಾರಿಗೆ ಯಾವುದು ಬೇಕು ಅಂತ ಯಾರೂ ಯೋಚಿಸಿರುವುದಿಲ್ಲ. ಅಡ್ಮಿಷನ್ ದಿನ ಯಾರೋ ಕೇಸ್‌ಶೀಟಿನಲ್ಲಿ ‘ಡೈಲಿ ರೂಟೀನ್ಸ್’ ಅಂತ ಬರೆದಿರುತ್ತಾರೆ, ಅಷ್ಟೇ. ನಿಲ್ಲಿಸು ಅಂತ ಯಾರೂ ಬರೆದಿಲ್ಲವಾದ್ದರಿಂದ ಅದು ನಡೆಯುತ್ತಲೇ ಇರುತ್ತದೆ. ಒಂಬತ್ತರ ರೌಂಡ್ಸಿಗೆ ದೊಡ್ಡ ಡಾಕ್ಟರು ಬಂದು ‘ಇವತ್ತಿನ ಸೋಡಿಯಂ ಎಷ್ಟು?’ ಅಂತ ಕೇಳಿದಾಗ ಉತ್ತರ ಇಲ್ಲ ಅಂದರೆ ಬೈಸಿಕೊಳ್ಳಬೇಕು. ಆ ಬೈಗುಳಕ್ಕೆ ಹೆದರಿ ಕಳಿಸುವ ಟೆಸ್ಟುಗಳಿಗೆ ದುಡ್ಡು ಕೊಡುವವರು ಕೆಳಗೆ ಕಾರಿಡಾರಿನಲ್ಲಿ ಚಾಪೆ ಹಾಸಿ ಮಲಗಿರುತ್ತಾರೆ.

ನಾನು ಹುಬ್ಬಳ್ಳಿ–ದಾವಣಗೆರೆ ನಡುವಿನ ಹೈವೇ ಊರೊಂದರ ಟ್ರಸ್ಟ್ ಆಸ್ಪತ್ರೆಯಲ್ಲಿ ಐಸಿಯು ನೋಡಿಕೊಳ್ಳುವವಳು. ಕಾರ್ಪೊರೇಟ್ ಆಸ್ಪತ್ರೆ ಅಲ್ಲ, ಸರ್ಕಾರಿಯೂ ಅಲ್ಲ. ಬರುವವರಲ್ಲಿ ಅರ್ಧಕ್ಕರ್ಧ ಜನ ಆಯುಷ್ಮಾನ್ ಕಾರ್ಡಿನವರು, ಇನ್ನರ್ಧ ಕೈಯಿಂದ ಕಟ್ಟುವವರು. ಕೈಯಿಂದ ಅಂದರೆ ಏನು ಅಂತ ಈ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ: ಸೊಸೈಟಿ ಸಾಲ, ಸಂಘದ ಸಾಲ, ಒತ್ತೆ ಇಟ್ಟ ಬಂಗಾರ, ಮಾರಿದ ದನ.

ಇದನ್ನೆಲ್ಲ ನೋಡುತ್ತಾ ನಮ್ಮ ಘಟಕದಲ್ಲಿ ಒಂದು ಸಣ್ಣ ಕೆಲಸ ಮಾಡಿದೆವು. ನಮ್ಮಲ್ಲಿ ಫಾರ್ಮ್ ಡಿ ಓದಿದ ಹುಡುಗಿಯೊಬ್ಬಳು ಫಾರ್ಮಸಿಯಲ್ಲಿದ್ದಾಳೆ, ಬಲು ಚುರುಕು. ನಾವು ದಿನಾ ಬರೆಯುವ ಔಷಧಿ, ಟೆಸ್ಟು, ಸಾಮಾನುಗಳ ದರ ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ, ಲ್ಯಾಮಿನೇಟ್ ಮಾಡಿಸಿ, ನರ್ಸಿಂಗ್ ಸ್ಟೇಷನ್ನಿನ ಗೋಡೆಗೆ ಅಂಟಿಸಿದಳು. ರೋಗಿ ಕಟ್ಟುವ ದರ, ಆಸ್ಪತ್ರೆ ಕೊಂಡ ದರ ಅಲ್ಲ. ಅಂಟಿಸುವ ಮೊದಲು ತಮಾಷೆಗೆ ಒಂದು ಪರೀಕ್ಷೆಯನ್ನೂ ಇಟ್ಟಿದ್ದಳು. ಎಲ್ಲರೂ ಅಂದಾಜು ಬೆಲೆ ಹೇಳಬೇಕು. ಹಿರಿಯ ಸರ್ಜನ್ ಒಬ್ಬರು ಆಲ್ಬ್ಯುಮಿನ್ (ಡ್ರಿಪ್ಪಿನಲ್ಲಿ ಹಾಕುವ ರಕ್ತದ ಪ್ರೋಟೀನ್) ಬಾಟ್ಲಿಗೆ ‘ಸಾವಿರದೈನೂರು ಇರಬಹುದು’ ಅಂದರು. ಹಾಳೆಯಲ್ಲಿದ್ದದ್ದು ಅದರ ನಾಲ್ಕು ಪಟ್ಟು. ಎಬಿಜಿ ಕಾರ್ಟ್ರಿಜ್‌ಗೆ ಎಷ್ಟು ಬೀಳುತ್ತದೆ ಅಂತ ದಿನಕ್ಕೆ ಆರು ಸಲ ಎಬಿಜಿ ಮಾಡುವ ಹುಡುಗರಿಗೂ ಗೊತ್ತಿರಲಿಲ್ಲ. ಸರಿಯಾಗಿ ಹೇಳಿದ್ದು ನಮ್ಮ ಇನ್-ಚಾರ್ಜ್ ಸಿಸ್ಟರ್ ಒಬ್ಬರೇ, ಯಾಕೆಂದರೆ ಚೀಟಿ ಹಿಡಿದು ಬಂದ ಮನೆಯವರ ಮುಖ ನೋಡುವವರು ಅವರು.

ಆ ಹಾಳೆ ಅಂಟಿಸಿದ ವಾರ ಒಬ್ಬ ಹಿರಿಯ ಫಿಸಿಶಿಯನ್ ನನ್ನನ್ನು ಪಕ್ಕಕ್ಕೆ ಕರೆದು, ‘ಡಾಕ್ಟ್ರೇ, ಪೇಷಂಟ್ ಸಾಯ್ತಿರುವಾಗ ರೂಪಾಯಿ ಲೆಕ್ಕ ಹಾಕ್ತಾ ಕೂತರೆ ಅದು ಡಾಕ್ಟರಿಕೆನಾ?’ ಅಂದರು. ಪ್ರಾಮಾಣಿಕವಾದ ಪ್ರಶ್ನೆ. ಅವರು ಒಳ್ಳೆಯ ಮನುಷ್ಯ. ಎಷ್ಟೋ ಜನರ ಬಿಲ್ಲಿಗೆ ತಾವೇ ಕೈಯಿಂದ ಹಾಕಿದ್ದಾರೆ. ಆದರೆ ಲೆಕ್ಕವನ್ನು ಯಾರೂ ಹಾಕುವುದಿಲ್ಲ ಅನ್ನುವುದು ಭ್ರಮೆ. ನಾವು ಹಾಕದಿದ್ದರೆ ಮನೆಯವರು ಹಾಕುತ್ತಾರೆ. ರಾತ್ರಿ ಹನ್ನೊಂದಕ್ಕೆ, ಬಿಲ್ಲಿಂಗ್ ಕೌಂಟರಿನ ಮುಂದೆ, ಯಾವುದು ಮುಖ್ಯ ಯಾವುದು ಅಲ್ಲ ಅಂತ ಹೇಳುವವರು ಪಕ್ಕದಲ್ಲಿ ಇಲ್ಲದಾಗ. ಆಗ ಅವರ ಹತ್ತಿರ ಕತ್ತರಿಸಲು ಉಳಿದಿರುವುದು ಒಂದೇ: ಚಿಕಿತ್ಸೆಯನ್ನೇ. ‘ನಮ್ಮ ಸ್ವಂತ ಜವಾಬ್ದಾರಿಯ ಮೇಲೆ ಕರ್ಕೊಂಡು ಹೋಗ್ತೀವಿ’ ಅಂತ ಫಾರಂ ಮೇಲೆ ಸಹಿ. ನಮ್ಮ ಭಾಷೆಯಲ್ಲಿ ಡಾಮಾ, ವೈದ್ಯರ ಸಲಹೆ ಮೀರಿ ಡಿಸ್ಚಾರ್ಜ್.

ವಿಷ ಕುಡಿದು ಬಂದವರ ವಿಷಯದಲ್ಲಿ ಇದು ಎಷ್ಟು ಘೋರ ಅನ್ನುವುದನ್ನು ಹೇಳಬೇಕು. ಹಾವೇರಿ, ಧಾರವಾಡ, ಗದಗ, ದಾವಣಗೆರೆ, ಎಲ್ಲ ಕಡೆ ಐಸಿಯು ಅಂದರೆ ಹೊಲಕ್ಕೆ ಹೊಡೆಯುವ ಔಷಧಿ ಕುಡಿದವರು ಇದ್ದೇ ಇರುತ್ತಾರೆ. ಆರ್ಗನೋಫಾಸ್ಫರಸ್ ಜಾತಿಯ ಕ್ರಿಮಿನಾಶಕ. ಬಂದ ದಿನ ಬಾಯಲ್ಲಿ ಜೊಲ್ಲು, ಎದೆಯಲ್ಲಿ ಗೊರಗೊರ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು. ಅಟ್ರೋಪಿನ್ ಕೊಟ್ಟರೆ ಒಣಗುತ್ತದೆ. ಅಟ್ರೋಪಿನ್ ಅಗ್ಗದ ಆಂಪೂಲು. ಎದೆ ತಿಳಿಯಾಗುವ ತನಕ ಐದೈದು ನಿಮಿಷಕ್ಕೆ ಡೋಸ್ ಇಮ್ಮಡಿಸುತ್ತಾ ಹೋಗಬೇಕು, ಅಲ್ಲಿ ಜಿಪುಣತನ ಮಾಡಿದರೆ ಜೀವ ಹೋಗುತ್ತದೆ. ಅದಾದ ಒಂದೆರಡು ದಿನಕ್ಕೆ, ಇನ್ನೇನು ಹುಷಾರಾದ ಅನ್ನುವಾಗ, ಸ್ನಾಯುಗಳು ಸೋಲುತ್ತವೆ. ಮೊದಲು ಕುತ್ತಿಗೆ, ಆಮೇಲೆ ಉಸಿರು. ಇದಕ್ಕೆ ಮದ್ದಿಲ್ಲ. ಇರುವುದು ವೆಂಟಿಲೇಟರು ಮತ್ತು ಕಾಯುವುದು. ಒಂದು ವಾರ, ಎರಡು ವಾರ, ಕೆಲವರಿಗೆ ಮೂರು. ಕಾದರೆ ಬಹಳಷ್ಟು ಜನ ನಡೆದುಕೊಂಡು ಮನೆಗೆ ಹೋಗುತ್ತಾರೆ. ಅದೂ ಇಪ್ಪತ್ತು ಮೂವತ್ತರ ವಯಸ್ಸಿನವರು.

ಇಲ್ಲೇ ಆಗುವ ಅನಾಹುತ ಇದು: ಮೊದಲ ನಾಲ್ಕು ದಿನದಲ್ಲಿ ಕಂಡ ಕಂಡದ್ದಕ್ಕೆಲ್ಲ ದುಡ್ಡು ಸುರಿದು, ಒಂಬತ್ತನೇ ದಿನ ವೆಂಟಿಲೇಟರಿನ ಬಾಡಿಗೆಗೆ ಕಾಸಿಲ್ಲದೆ ಡಾಮಾ. ಆಂಬುಲೆನ್ಸಿನಲ್ಲಿ ಯಾರೋ ಮಾವನೋ ತಮ್ಮನೋ ಆಂಬೂ ಬ್ಯಾಗ್ (ಕೈಯಿಂದ ಉಸಿರು ತುಂಬುವ ಚೀಲ) ಒತ್ತುತ್ತಾ ಕೂತಿರುತ್ತಾನೆ, ಊರು ಮುಟ್ಟುವವರೆಗೆ. ಇನ್ನು ನಾಲ್ಕೈದು ದಿನ ಸಿಕ್ಕಿದ್ದರೆ ಬದುಕುತ್ತಿದ್ದವನು. ಬೇರೆ ಕಡೆಯಿಂದ ಹೀಗೆ ಹೊರಟವರು ದಾರಿಯಲ್ಲಿ ಮನಸ್ಸು ಬದಲಿಸಿ ನಮ್ಮ ಕ್ಯಾಶುಯಲ್ಟಿಗೆ ತಿರುಗಿದ್ದೂ ಇದೆ. ಅವರ ಪ್ಲಾಸ್ಟಿಕ್ ಕವರಿನಲ್ಲಿದ್ದ ಬಿಲ್ಲುಗಳನ್ನು ನಾನು ಕೂತು ಓದುತ್ತೇನೆ, ಅದೊಂದು ಚಟ. ದಿನಾ ಕೋಲಿನೆಸ್ಟರೇಸ್ ಟೆಸ್ಟ್, ಈ ವಿಷ ಕುಗ್ಗಿಸುವ ಕಿಣ್ವದ ಅಳತೆ. ಅದನ್ನು ಬಂದ ದಿನ ಒಮ್ಮೆ ನೋಡಿದರೆ ರೋಗ ಖಾತ್ರಿಯಾಗುತ್ತದೆ, ಸರಿ. ಮರುದಿನದ ಸಂಖ್ಯೆ ಅಷ್ಟಿದ್ದರೇನು, ಇಷ್ಟಿದ್ದರೇನು, ನಾವು ಮಾಡುವ ಚಿಕಿತ್ಸೆ ಬದಲಾಗುವುದಿಲ್ಲ. ರೋಗಿ ವೆಂಟಿಲೇಟರಿನಿಂದ ಬರಲು ಸಿದ್ಧನಾ ಅಂತ ನೋಡಲು ನಮ್ಮ ಸಿಸ್ಟರ್ ಮಾಡುವ ಟೆಸ್ಟಿಗೆ ಖರ್ಚೇ ಇಲ್ಲ. ‘ತಮ್ಮಾ, ತಲಿ ದಿಂಬಿನಿಂದ ಮ್ಯಾಲೆತ್ತು ನೋಡೋಣು. ಹಂಗ ಹಿಡಿ. ನಾ ಐದರ ಮಟಾ ಎಣಸ್ತೀನಿ.’ ಎತ್ತಿ ಹಿಡಿದನೋ, ಇನ್ನು ವೆಂಟಿಲೇಟರ್ ಬಿಡಿಸುವ ಮಾತಾಡಬಹುದು. ಎರಡು ಎಣಿಸುವಷ್ಟರಲ್ಲಿ ತಲೆ ಬಿತ್ತೋ, ನಾಳೆ ನೋಡೋಣ.

ಆ ಬಿಲ್ಲುಗಳಲ್ಲಿ ಕಾಣುವ ಇನ್ನೊಂದು ಹೆಸರು ಪ್ಯಾಮ್, ಅಂದರೆ ಪ್ರಾಲಿಡಾಕ್ಸಿಮ್, ಈ ವಿಷಕ್ಕೆ ಪ್ರತಿವಿಷ ಅಂತ ಕೊಡುವ ಔಷಧಿ. ಇದರ ಬಗ್ಗೆ ನಮ್ಮಲ್ಲೇ ಜಗಳ ಇದೆ, ಅದನ್ನು ಮುಚ್ಚಿಡಬಾರದು. ಮಹಾರಾಷ್ಟ್ರದ ಬಾರಾಮತಿಯಲ್ಲಿ ಇನ್ನೂರು ರೋಗಿಗಳ ಮೇಲೆ ನಡೆದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಬೇಗ ಬಂದವರಿಗೆ ದೊಡ್ಡ ಡೋಸಿನಲ್ಲಿ ನಿರಂತರ ಡ್ರಿಪ್ ಕೊಟ್ಟರೆ ಒಳ್ಳೆಯದಾಗುತ್ತದೆ ಅಂತ ಅದು ಹೇಳಿತು. 2009ರಲ್ಲಿ ಶ್ರೀಲಂಕಾದಿಂದ 235 ರೋಗಿಗಳ ಅಧ್ಯಯನ ಬಂತು. ಅಲ್ಲಿ ಪ್ರಯೋಜನ ಕಾಣಲಿಲ್ಲ, ಸಾವು ಪ್ಯಾಮ್ ಕೊಟ್ಟ ಗುಂಪಿನಲ್ಲೇ ತುಸು ಜಾಸ್ತಿ ಇತ್ತು. ಎರಡನ್ನೂ ಓದಿ ನಾನು ತೀರ್ಮಾನಿಸಿದ್ದು ಇಷ್ಟು: ತಡವಾಗಿ ಬಂದವರಿಗೆ, ಅದರಲ್ಲೂ ನಾಲ್ಕು ಕಡೆ ತಿರುಗಿ ಮರುದಿನ ಬಂದವರಿಗೆ, ನಾನು ಅದನ್ನು ಬರೆಯುವುದಿಲ್ಲ. ಒಪ್ಪದವರು ಇದ್ದಾರೆ, ಇರಲಿ. ಆದರೆ ‘ಎಲ್ಲರೂ ಕೊಡ್ತಾರೆ, ಕೊಡದಿದ್ರೆ ನಾಳೆ ಯಾರಾದ್ರೂ ಕೇಳ್ತಾರೆ’ ಅನ್ನುವ ಕಾರಣಕ್ಕೆ ದಿನಗಟ್ಟಲೆ ಡ್ರಿಪ್ ಹಾಕಿಸುವುದು ಔಷಧಿಯಲ್ಲ, ನಮ್ಮ ಭಯಕ್ಕೆ ಅವರ ಕಡೆಯಿಂದ ಕಟ್ಟಿಸುವ ಇನ್ಷೂರೆನ್ಸು.

ಹಾನಗಲ್ ಕಡೆಯ ಒಬ್ಬ ಹುಡುಗ ಇಂಥದ್ದೇ ವಿಷ ಕುಡಿದು ಬಂದಿದ್ದ. ಅವನ ಅಪ್ಪ ಮೊದಲ ದಿನವೇ ನನ್ನನ್ನು ಬಾಗಿಲ ಬಳಿ ನಿಲ್ಲಿಸಿ ಕೇಳಿದ: ‘ಮೇಡಮ್ಮಾರ, ಎಷ್ಟ ದಿನಾ ಆಗತೈತಿ ಅಂತ ಒಂದ್ ಮಾತ ಹೇಳ್ರಿ. ಹೋರಿ ಮಾರೇನಿ. ಇನ್ನ ಹೊಲಾ ಅಂದ್ರ, ಅದರಾಗ ನಮ್ಮ ತಮ್ಮಂದೂ ಪಾಲೈತ್ರಿ.’ ಆ ಕಡೆ ಹೋರಿ ಅಂದರೆ ಬರೀ ದನ ಅಲ್ಲ, ದೀಪಾವಳಿಯ ಹೋರಿ ಹಬ್ಬದಲ್ಲಿ ಕೊಬ್ಬರಿ ಸರ ಕಟ್ಟಿ ಬಿಟ್ಟಿದ್ದ ಹೋರಿ. ನಾನು ಹೇಳಿದೆ: ‘ಹದಿನೈದು ದಿನ ಉಸಿರಿನ ಮಷೀನ್ ಬೇಕಾಗಬಹುದು, ಹೆಚ್ಚೂ ಆಗಬಹುದು. ಆ ಅಷ್ಟೂ ದಿನಕ್ಕೆ ದುಡ್ಡು ಸಾಲುವಂತೆ ನೋಡಿಕೊಳ್ಳೋಣ. ಬೇರೆ ಕಡೆ ನಾವು ಕೈ ಬಿಗಿ ಹಿಡಿತೀವಿ. ಯಾರಾದರೂ ಹೊರಗಿನಿಂದ ದೊಡ್ಡ ಇಂಜೆಕ್ಷನ್ ತನ್ನಿ ಅಂತ ಚೀಟಿ ಕೊಟ್ಟರೆ ನನಗೆ ತೋರಿಸದೆ ತರಬೇಡಿ.’

ಕೈ ಬಿಗಿ ಹಿಡಿಯುವುದು ಅಂದರೆ ಹೇಗೆ? ಎಲ್ಲ ಸಣ್ಣ ಸಣ್ಣದು, ಹೇಳಿಕೊಳ್ಳುವಂಥದ್ದು ಒಂದೂ ಇಲ್ಲ. ಜ್ವರಕ್ಕೆ ಪ್ಯಾರಾಸಿಟಮಾಲ್ ಬಾಟ್ಲಿ ಡ್ರಿಪ್ಪಿನಲ್ಲಿ ಕೊಡುವ ಬದಲು, ಹೊಟ್ಟೆ ಕೆಲಸ ಮಾಡುತ್ತಿದೆಯಲ್ಲ, ಮಾತ್ರೆ ಅರೆದು, ಮೂಗಿನಿಂದ ಹೊಟ್ಟೆಗೆ ಇಳಿಸಿದ ರೈಲ್ಸ್ ಟ್ಯೂಬಿನಲ್ಲಿ. ಬಾಟ್ಲಿಯ ಮೇಲೆ ಅಚ್ಚಾಗಿರುವ ಎಂಆರ್‌ಪಿ ಮೂರಂಕಿ; ಮಾತ್ರೆಗೆ ಎರಡು ರೂಪಾಯಿ ಆಸುಪಾಸು. ದಿನಕ್ಕೆ ಮೂರು ನಾಲ್ಕು ಸಲ, ಹದಿನೈದು ದಿನ, ನೀವೇ ಗುಣಿಸಿಕೊಳ್ಳಿ. ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಮಾತ್ರೆಯನ್ನು ಮಾತ್ರ ಹಾಗೆ ಅರೆಯಬಾರದು, ಅದರ ಮೇಲಿನ ಲೇಪ ಹೊಟ್ಟೆಯ ಆಮ್ಲದಿಂದ ಅದನ್ನು ಕಾಪಾಡುವುದಕ್ಕೇ ಇರುವುದು. ವೆಂಟಿಲೇಟರಿನಲ್ಲಿರುವಾಗ ಹೊಟ್ಟೆಯಲ್ಲಿ ರಕ್ತಸ್ರಾವ ತಡೆಯಲು ಅದು ಉಪಯೋಗ ಅಂತ 2024ರ ದೊಡ್ಡ ಅಧ್ಯಯನವೊಂದು ತೋರಿಸಿದೆ, ಹಾಗಾಗಿ ಇಂಜೆಕ್ಷನ್ನೇ ಕೊಡುತ್ತೇವೆ. ಆದರೆ ವೆಂಟಿಲೇಟರ್ ತೆಗೆದ ದಿನ ಅದೂ ನಿಲ್ಲಬೇಕು. ನಿಲ್ಲುವುದಿಲ್ಲ! ವಾರ್ಡಿಗೆ ಹೋಗುತ್ತದೆ, ಡಿಸ್ಚಾರ್ಜ್ ಕಾರ್ಡಿಗೆ ಹೋಗುತ್ತದೆ, ಆರು ತಿಂಗಳಾದ ಮೇಲೆ ಒಪಿಡಿಗೆ ಬಂದಾಗಲೂ ‘ಗ್ಯಾಸಿನ ಗುಳಿಗಿ’ ನುಂಗುತ್ತಿರುತ್ತಾರೆ.

ಊಟದ ವಿಷಯ. ರೈಲ್ಸ್ ಟ್ಯೂಬಿಗೆ ಡಬ್ಬಿ ಪೌಡರೇ ಆಗಬೇಕು ಅಂತ ಒಂದು ನಂಬಿಕೆ ಬೇರೂರಿದೆ. ನಮ್ಮ ಡಯಟಿಷಿಯನ್ ಆಸ್ಪತ್ರೆಯ ಅಡುಗೆಮನೆಯಲ್ಲೇ ಹಾಲು, ರಾಗಿ ಗಂಜಿ, ಮೊಟ್ಟೆ, ಎಣ್ಣೆ ಲೆಕ್ಕ ಹಾಕಿ ಫೀಡ್ ಮಾಡಿಸುತ್ತಾರೆ. ತೆಳುಬಟ್ಟೆಯಲ್ಲಿ ಎರಡು ಸಲ ಸೋಸಲೇಬೇಕು. ಒಂದು ಸಲ ಸೋಸಿ ಕಳಿಸಿದ ದಿನ ಟ್ಯೂಬು ಕಟ್ಟಿಕೊಂಡು, ಹೊಸ ಟ್ಯೂಬು, ಅದು ಸರಿಯಾಗಿ ಹೊಟ್ಟೆಯಲ್ಲಿದೆಯಾ ನೋಡಲು ಒಂದು ಎಕ್ಸ್‌ರೇ, ಉಳಿಸಿದ್ದೆಲ್ಲ ಅಲ್ಲಿಗೇ ಹೋಯಿತು. ಎರಡು ಗಂಟೆಗಿಂತ ಹೆಚ್ಚು ಹೊರಗಿಟ್ಟರೆ ಚೆಲ್ಲಬೇಕು. ಅಂದರೆ ಅಗ್ಗದ ದಾರಿಗೆ ಹೆಚ್ಚು ನಿಗಾ ಬೇಕು. ಈ ಮಾತನ್ನು ಉಳಿತಾಯದ ಉತ್ಸಾಹದಲ್ಲಿ ನಮ್ಮ ಮ್ಯಾನೇಜ್‌ಮೆಂಟಿನವರು ಆಗಾಗ ಮರೆಯುತ್ತಾರೆ.

ಇನ್ನು ಆ ಆರು ಗಂಟೆಯ ರಕ್ತ. ಬೆಲೆಯಷ್ಟೇ ಅಲ್ಲ, ರಕ್ತವೂ ರೋಗಿಯದ್ದೇ ತಾನೆ. ಯುರೋಪಿನ 145 ಐಸಿಯುಗಳನ್ನು ಸೇರಿಸಿ ಮಾಡಿದ ಅಧ್ಯಯನವೊಂದು 2002ರಲ್ಲಿ ಲೆಕ್ಕ ಹಾಕಿ ತೋರಿಸಿತ್ತು: ಬರೀ ಟೆಸ್ಟಿಗೆ ಅಂತ ಒಬ್ಬ ರೋಗಿಯಿಂದ ದಿನಕ್ಕೆ ಸರಾಸರಿ 41 ಮಿಲಿಲೀಟರ್ ರಕ್ತ ಹೋಗುತ್ತಿತ್ತು. ಹತ್ತು ದಿನಕ್ಕೆ ಒಂದು ದಾನಿ ಬಾಟ್ಲಿಯ ಹತ್ತಿರ ಹತ್ತಿರ. ನಮ್ಮ ಹಳ್ಳಿಗಳಿಂದ ಬರುವ ಹೆಂಗಸರ ಹಿಮೋಗ್ಲೋಬಿನ್ ಬರುವಾಗಲೇ ಒಂಬತ್ತು. ತೆಗೆದು ತೆಗೆದು ಏಳೂವರೆಗೆ ಇಳಿಸುತ್ತೇವೆ, ಆಮೇಲೆ ‘ಬ್ಲಡ್ ಅರೇಂಜ್ ಮಾಡ್ರಿ, ಡೋನರ್ ಕರ್ಕೊಂಡ್ ಬರ್ರಿ’ ಅಂತ ಮಗನನ್ನು ಓಡಿಸುತ್ತೇವೆ. ಕೆನಡಾದ 1999ರ ಟ್ರಿಕ್ ಅಧ್ಯಯನ, 838 ರೋಗಿಗಳದ್ದು, ನಾನು ಪಿಜಿ ಓದುವಾಗಲೇ ಹಳೆಯದಾಗಿತ್ತು. ರಕ್ತಸ್ರಾವ ಇಲ್ಲದ, ಬಿಪಿ ಸ್ಥಿರವಾಗಿರುವ ರೋಗಿಗೆ ಹಿಮೋಗ್ಲೋಬಿನ್ ಏಳರ ಕೆಳಗೆ ಹೋಗುವ ತನಕ ಕಾದರೆ ನಷ್ಟವಿಲ್ಲ ಅಂತ ಅದು ತೋರಿಸಿ ಕಾಲು ಶತಮಾನ ದಾಟಿತು. ಈಗಲೂ ಎಂಟೂವರೆಗೆ ‘ಹತ್ತಕ್ಕೆ ತಂದಿಡೋಣ’ ಅನ್ನುವವರಿದ್ದಾರೆ. ಹೃದಯದ ತೊಂದರೆ ಇದ್ದವರ ಮಾತು ಬೇರೆ, ಅಲ್ಲಿ ನಾನೂ ಏಳರವರೆಗೆ ಕಾಯುವುದಿಲ್ಲ.

ಕೆನಡಾದವರೇ 25 ಐಸಿಯುಗಳಲ್ಲಿ ಇನ್ನೊಂದು ಸರಳ ಕೆಲಸ ಮಾಡಿ 2023ರಲ್ಲಿ ಪ್ರಕಟಿಸಿದರು. ಮಾಮೂಲಿ ಟ್ಯೂಬಿನ ಬದಲು ಕಡಿಮೆ ರಕ್ತ ಎಳೆದುಕೊಳ್ಳುವ ಟ್ಯೂಬು. ಲ್ಯಾಬಿನ ಮಷೀನಿಗೆ ಅಷ್ಟೇ ಸಾಕಾಗಿತ್ತು. ಅವರ ಪ್ರಕಾರ ನೂರು ರೋಗಿಗಳಿಗೆ ಹತ್ತಿರ ಹತ್ತಿರ ಹತ್ತು ಬಾಟ್ಲಿ ರಕ್ತ ಉಳಿಯಿತು. ನಮ್ಮ ಲ್ಯಾಬ್ ಟೆಕ್ನಿಷಿಯನ್ನಿಗೆ ಇದನ್ನು ಹೇಳಿದಾಗ ಅವರು ನಕ್ಕು, ‘ಮಕ್ಕಳ ವಾರ್ಡಿನ ಟ್ಯೂಬ್ ಅದಾವಲ್ರಿ ಮೇಡಂ, ಅದ್ರಾಗ ಕಳಸ್ರಿ, ನಮಗೇನ್ ತ್ರಾಸಿಲ್ಲ’ ಅಂದರು. ಒಂದು ಫೋನ್ ಕಾಲಿನ ಕೆಲಸ!

ಹುಡುಗರ ಅಭ್ಯಾಸ ಬದಲಿಸಿದ್ದು ಈ ಅಧ್ಯಯನಗಳಲ್ಲ ಬಿಡಿ. ‘ಡೈಲಿ ರೂಟೀನ್ಸ್’ ಅನ್ನುವ ಪದವನ್ನೇ ಕೇಸ್‌ಶೀಟಿನಿಂದ ತೆಗೆದುಹಾಕಿದೆವು. ಈಗ ಸಂಜೆಯ ರೌಂಡ್ಸಿನಲ್ಲಿ ನಾಳೆ ಬೆಳಗ್ಗೆ ಯಾರಿಗೆ ಏನು ಅಂತ ಬೆಡ್ಡಿನ ಪಕ್ಕ ನಿಂತು ಬರೆಯಬೇಕು, ಬರೆಯದಿದ್ದರೆ ಆರು ಗಂಟೆಗೆ ಸೂಜಿ ಚುಚ್ಚುವ ಹಾಗಿಲ್ಲ. ‘ಪೊಟ್ಯಾಸಿಯಂ ಬಂದ್ರೆ ಏನ್ ಮಾಡ್ತೀಯ?’ ಅಂತ ಕೇಳುತ್ತೇನೆ. ಡಯುರೆಟಿಕ್ (ಮೂತ್ರ ಹೆಚ್ಚಿಸುವ ಔಷಧಿ) ಹೋಗುತ್ತಿದೆ, ಪೊಟ್ಯಾಸಿಯಂ ಕಡಿಮೆಯಾದರೆ ಹಾಕಬೇಕು ಅಂದರೆ, ಸರಿ ಕಳಿಸು. ‘ಸುಮ್ನೆ ನೋಡೋಕೆ ಮೇಡಂ’ ಅಂದರೆ ಇಲ್ಲ. ಚೆಸ್ಟ್ ಎಕ್ಸ್‌ರೇಗೂ ಅದೇ ನಿಯಮ. ಫ್ರಾನ್ಸಿನ 21 ಐಸಿಯುಗಳಲ್ಲಿ ದಿನಾ ಎಕ್ಸ್‌ರೇ ಬಿಟ್ಟು ಬೇಕಾದಾಗ ಮಾತ್ರ ತೆಗೆದಾಗ ಮೂರರಲ್ಲಿ ಒಂದು ಪಾಲಿನಷ್ಟು ಕಡಿಮೆಯಾಯಿತು, ಯಾರಿಗೂ ಕೆಡುಕಾಗಲಿಲ್ಲ, 2009ರಲ್ಲೇ ಬಂದ ಫಲಿತಾಂಶ. ಆಂಟಿಬಯಾಟಿಕ್ ಬರೆದ ದಿನವೇ ಪಕ್ಕದಲ್ಲಿ ‘ಇಂಥ ದಿನ ನಿಲ್ಲಿಸುವುದು’ ಅಂತಲೂ ಬರೆಯಬೇಕು. ಮುಂದುವರಿಸಬೇಕಾದರೆ ಕಾರಣ ಬರೆದು ಮುಂದುವರಿಸಲಿ. ಆಲ್ಬ್ಯುಮಿನ್ ಬರೆಯಬೇಕಾದರೆ ನನಗೆ ಫೋನ್ ಮಾಡಬೇಕು. 2004ರಲ್ಲಿ ಆಸ್ಟ್ರೇಲಿಯಾ-ನ್ಯೂಜಿಲೆಂಡಿನವರು ಸುಮಾರು ಏಳು ಸಾವಿರ ರೋಗಿಗಳಲ್ಲಿ ಅದನ್ನೂ ಸಾದಾ ಸಲೈನನ್ನೂ ಹೋಲಿಸಿ, ಸಾವಿನ ಪ್ರಮಾಣ ಒಂದೇ ಅಂತ ತೋರಿಸಿದ ಮೇಲೂ ‘ಪ್ರೋಟೀನ್ ಕಮ್ಮಿ ಐತಿ, ಎರಡ್ ಬಾಟ್ಲಿ ಹಾಕೋಣು’ ಅನ್ನುವ ಚಟ ಹೋಗಿಲ್ಲ. ಲಿವರ್ ಕಾಯಿಲೆಯ ಕೆಲವು ಸಂದರ್ಭಗಳಲ್ಲಿ ಅದು ಬೇಕು, ಆಗ ಬರೆಯುತ್ತೇನೆ, ತಕರಾರಿಲ್ಲ.

ಈಗ ಮುಜುಗರದ ಮಾತು. ಇದೆಲ್ಲ ಮಾಡುವಾಗ ಆಸ್ಪತ್ರೆಯೊಳಗಿನ ಒಂದು ವಿಚಿತ್ರ ನನಗೆ ಕಣ್ಣಿಗೆ ಹೊಡೆಯಿತು. ಪ್ಯಾಕೇಜ್ ರೋಗಿಯ, ಅಂದರೆ ಆಯುಷ್ಮಾನ್ ಕಾರ್ಡಿನವರ, ಬೆಡ್ಡಿಗೆ ದಿನಕ್ಕಿಷ್ಟು ಅಂತ ಸರ್ಕಾರ ಕೊಡುವುದರಿಂದ ಅಲ್ಲಿ ಒಂದು ಎಬಿಜಿ ಕಮ್ಮಿಯಾದರೆ ಅಷ್ಟು ಆಸ್ಪತ್ರೆಗೆ ಉಳಿತಾಯ. ಎಲ್ಲರೂ ನನ್ನ ಬೆನ್ನು ತಟ್ಟುತ್ತಾರೆ. ಪಕ್ಕದ ಬೆಡ್ಡು ಕ್ಯಾಶ್ ರೋಗಿಯದ್ದು. ಅಲ್ಲಿ ಒಂದು ಎಬಿಜಿ ಕಮ್ಮಿಯಾದರೆ ಅಷ್ಟು ಆದಾಯ ಕಮ್ಮಿ, ಬೆನ್ನು ತಟ್ಟುವವರು ಯಾರೂ ಇಲ್ಲ. ಕಾಯಿಲೆ ಒಂದೇ, ಶ್ವಾಸಕೋಶ ಒಂದೇ, ಮಧ್ಯೆ ಇರುವುದು ಒಂದು ಹಸಿರು ಪರದೆ. ತಿಂಗಳ ಮೀಟಿಂಗಿನಲ್ಲಿ ಅಕೌಂಟ್ಸಿನವರು ತುಂಬ ವಿನಯದಿಂದಲೇ ಕೇಳಿದರು: ‘ಮೇಡಂ, ಐಸಿಯು ಫಾರ್ಮಸಿ ಕಲೆಕ್ಷನ್ ಇಳಿದಿದೆಯಲ್ಲ?’ ಅವರನ್ನು ಕೆಟ್ಟವರು ಅನ್ನಲಾರೆ. ಬೆಡ್ಡಿನ ಖರ್ಚು, ನರ್ಸುಗಳ ಸಂಬಳ, ಆಕ್ಸಿಜನ್ ಖರ್ಚು ಇವೆಲ್ಲ ನಿಜವಾಗಿ ಎಷ್ಟು ಬೀಳುತ್ತದೋ ಅಷ್ಟು ಬಿಲ್ಲಿನಲ್ಲಿ ಕಾಣುವುದೇ ಇಲ್ಲ. ಆ ಕೊರತೆಯನ್ನು ಔಷಧಿ, ಸಿರಿಂಜು, ಗ್ಲೌಸುಗಳ ಮಾರ್ಜಿನ್ನಿನಲ್ಲಿ ತುಂಬಿಕೊಳ್ಳುವುದು ಈ ದೇಶದ ಖಾಸಗಿ ಆಸ್ಪತ್ರೆಗಳ ಹಳೇ ಪದ್ಧತಿ. 2017ರಲ್ಲಿ ಗುರುಗ್ರಾಮದಲ್ಲಿ ಡೆಂಗ್ಯೂವಿನಿಂದ ಏಳು ವರ್ಷದ ಮಗು ತೀರಿಕೊಂಡು, ಸುಮಾರು ಹದಿನಾರು ಲಕ್ಷದ ಬಿಲ್ಲು ದೇಶವನ್ನೆಲ್ಲ ಬೆಚ್ಚಿಬೀಳಿಸಿತ್ತಲ್ಲ, ಅದಾದ ಮೇಲೆ ಔಷಧ ಬೆಲೆ ಪ್ರಾಧಿಕಾರ ದೆಹಲಿ ಸುತ್ತಲಿನ ನಾಲ್ಕು ಖಾಸಗಿ ಆಸ್ಪತ್ರೆಗಳ ಬಿಲ್ಲು ಬಿಡಿಸಿ ನೋಡಿತು. ಕೆಲವು ಸಾಮಾನುಗಳ ಮೇಲಿನ ಲಾಭ 1,737 ಶೇಕಡಾವರೆಗೂ ಇತ್ತು ಅಂತ 2018ರ ಫೆಬ್ರವರಿಯ ಅದರ ವರದಿ ಹೇಳಿತು. ಎಂಆರ್‌ಪಿ ಮೀರಿರಲಿಲ್ಲ, ಗಮನಿಸಿ. ಎಂಆರ್‌ಪಿಯನ್ನೇ ಅಷ್ಟು ಎತ್ತರಕ್ಕೆ ಅಚ್ಚು ಹಾಕಿಸಿಕೊಂಡರೆ ಮೀರುವ ಅಗತ್ಯವೇ ಬೀಳುವುದಿಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಬೆಡ್ಡಿನ ಬಾಡಿಗೆ ನ್ಯಾಯವಾಗಿ ಎಷ್ಟೋ ಅಷ್ಟು ಹೆಚ್ಚಿಸಿ, ಔಷಧಿಯ ಮೇಲಿನ ಮಾರ್ಜಿನ್ ಇಳಿಸಬೇಕು. ಮನೆಯವರಿಗೆ ಮೊದಲ ದಿನವೇ ‘ದಿನಕ್ಕೆ ಇಷ್ಟು’ ಅಂತ ಹೇಳಲು ಬರುವುದು ಆಗ ಮಾತ್ರ. ಮೀಟಿಂಗಿನಲ್ಲಿ ಇದನ್ನು ಹೇಳಿದಾಗ ‘ಬಾಡಿಗೆ ಜಾಸ್ತಿ ಕಂಡರೆ ಪಕ್ಕದ ಆಸ್ಪತ್ರೆಗೆ ಹೋಗ್ತಾರೆ ಮೇಡಂ’ ಅಂದರು. ಅದೂ ಸುಳ್ಳಲ್ಲ.

ಎಲ್ಲಿ ಉಳಿಸಬಾರದು ಅನ್ನುವುದನ್ನು ನಮ್ಮ ಸಿಸ್ಟರ್ ನನಗಿಂತ ಚೆನ್ನಾಗಿ ಹೇಳುತ್ತಾರೆ. ಒಮ್ಮೆ ಪರ್ಚೇಸ್ ವಿಭಾಗದವರು ಅಗ್ಗದ ಗ್ಲೌಸ್ ತರಿಸಿದ್ದರು. ಹಾಕುವಾಗಲೇ ಬೆರಳ ಸಂದಿಯಲ್ಲಿ ಹರಿಯುತ್ತಿತ್ತು, ಒಂದು ಕೆಲಸಕ್ಕೆ ಎರಡು ಜೊತೆ. ಸಿಸ್ಟರ್ ಹರಿದ ಗ್ಲೌಸುಗಳನ್ನೆಲ್ಲ ಒಂದು ಕವರಿನಲ್ಲಿ ಕೂಡಿಟ್ಟು, ವಾರದ ಕೊನೆಗೆ ಪರ್ಚೇಸ್ ಮ್ಯಾನೇಜರ್ ಟೇಬಲ್ಲಿನ ಮೇಲೆ ಸುರಿದು ಬಂದರು. ಹ್ಯಾಂಡ್‌ರಬ್, ಒಬ್ಬ ನರ್ಸಿಗೆ ಎಷ್ಟು ಬೆಡ್ಡು, ಸೆಪ್ಸಿಸ್ (ಮೈಯೆಲ್ಲ ಆವರಿಸುವ ಸೋಂಕು) ಅಂತ ಅನುಮಾನ ಬಂದ ಮೊದಲ ಗಂಟೆಯ ಆಂಟಿಬಯಾಟಿಕ್, ಇವುಗಳಲ್ಲಿ ಉಳಿಸಲು ಹೋದರೆ ಒಂದು ಇನ್ಫೆಕ್ಷನ್ ಸಾಕು, ವಾರದ ಬಿಲ್ಲು ಸೇರಿಕೊಳ್ಳುತ್ತದೆ. ತಲೆ ಕಡೆ ಬೆಡ್ಡು ಎತ್ತರಿಸಿಡುವುದು, ಬಾಯಿ ಸ್ವಚ್ಛ ಮಾಡುವುದು, ಬೆಳಗ್ಗೆ ನಿದ್ದೆಯ ಔಷಧಿ ನಿಲ್ಲಿಸಿ ರೋಗಿಯನ್ನು ಎಚ್ಚರಿಸಿ ನೋಡುವುದು, ಇವಕ್ಕೆಲ್ಲ ಬಿಲ್ಲೇ ಇಲ್ಲ. ಆ ಕೊನೆಯದು ಇದೆಯಲ್ಲ, ಷಿಕಾಗೋದ 128 ರೋಗಿಗಳ ಅಧ್ಯಯನದಲ್ಲಿ ವೆಂಟಿಲೇಟರಿನ ಅವಧಿಯನ್ನು ಏಳು ದಿನದ ಚಿಲ್ಲರೆಯಿಂದ ಐದು ದಿನದೊಳಗೆ ಇಳಿಸಿತ್ತು, 2000ದಲ್ಲಿ. ಯಾವ ಕಂಪನಿಯ ರೆಪ್ಪೂ ಬಂದು ಇದನ್ನು ನಿಮಗೆ ಹೇಳುವುದಿಲ್ಲ, ಮಾರಲು ಅದರಲ್ಲಿ ಏನೂ ಇಲ್ಲವಲ್ಲ.

ಹಾನಗಲ್ ಹುಡುಗನಿಗೆ ಎರಡನೇ ವಾರದ ಕೊನೆಯಲ್ಲಿ ಕುತ್ತಿಗೆ ನಿಂತಿತು. ಬಿಲ್ಲು ಸಣ್ಣದೇನೂ ಆಗಿರಲಿಲ್ಲ. ಐಸಿಯು ಅಂದಮೇಲೆ ಸಣ್ಣ ಬಿಲ್ಲು ಅನ್ನುವುದಿಲ್ಲ. ಹೋರಿ ಹೋಯಿತು, ಹೊಲ ಉಳಿಯಿತು. ಮನೋವೈದ್ಯರಿಗೆ ತೋರಿಸದೆ ಕಳಿಸುವುದಿಲ್ಲ ಅಂತ ಹಟ ಹಿಡಿದು ಇನ್ನೊಂದು ದಿನ ಇರಿಸಿಕೊಂಡೆವು. ಆ ಒಂದು ದಿನದ ಖರ್ಚಿಗೆ ಅವನಪ್ಪ ಗೊಣಗಿದ, ನಾನು ಬಗ್ಗಲಿಲ್ಲ.

ಎಲ್ಲ ಕೇಸೂ ಹೀಗೆ ಮುಗಿಯುವುದಿಲ್ಲ. ವೆಂಟಿಲೇಟರಿನ ದಿನಗಳಿಗೆ ಅಂತ ದುಡ್ಡು ಉಳಿಸುವುದು ಆ ದಿನಗಳಿಂದ ಪ್ರಯೋಜನ ಇರುವವರಿಗೆ. ಎಂಬತ್ತು ದಾಟಿದ, ಮೊದಲೇ ಹಾಸಿಗೆ ಹಿಡಿದಿದ್ದ, ಕ್ಯಾನ್ಸರ್ ಎಲ್ಲ ಕಡೆ ಹರಡಿದ ಅಜ್ಜಿಗೆ ವೆಂಟಿಲೇಟರಿನ ಇಪ್ಪತ್ತನೇ ದಿನ ಏನು ಕೊಡುತ್ತದೆ? ಇದನ್ನು ಮನೆಯವರ ಜೊತೆ ಮಾತಾಡದೆ ಮುಂದೂಡುವುದೇ ಐಸಿಯುವಿನ ದೊಡ್ಡ ಖರ್ಚು, ದುಡ್ಡಿನಲ್ಲೂ, ಆ ಜೀವ ಪಡುವ ಯಾತನೆಯಲ್ಲೂ. ಕಾನೂನಿನ ಭಯ ಅಂತ ನೆಪ ಹೇಳುವ ಕಾಲವೂ ಮುಗಿದಿದೆ. ಸುಪ್ರೀಂ ಕೋರ್ಟ್ 2018ರಲ್ಲಿ ಇಂಥವರ ಜೀವರಕ್ಷಕ ಚಿಕಿತ್ಸೆ ನಿಲ್ಲಿಸಬಹುದು ಅಂತ ತೀರ್ಪು ಕೊಟ್ಟು, 2023ರಲ್ಲಿ ವಿಧಾನವನ್ನು ಸರಳ ಮಾಡಿತು. ನಮ್ಮ ರಾಜ್ಯದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಸುತ್ತೋಲೆಯನ್ನೂ ಹೊರಡಿಸಿದೆ: ಚಿಕಿತ್ಸೆ ಕೊಡುತ್ತಿರುವ ವೈದ್ಯರೂ ಸೇರಿ ಮೂವರ ಒಂದು ಮಂಡಳಿ, ಅದರ ಮೇಲೆ ಇನ್ನೊಂದು ಮಂಡಳಿ, ಮನೆಯವರ ಒಪ್ಪಿಗೆ, ಮ್ಯಾಜಿಸ್ಟ್ರೇಟರಿಗೆ ಮಾಹಿತಿ. ಇದು ಚುಚ್ಚುಮದ್ದು ಕೊಟ್ಟು ಸಾಯಿಸುವುದಲ್ಲ. ಫಲವಿಲ್ಲದ ಮಷೀನು ತೆಗೆದು, ನೋವು ಮತ್ತು ಉಸಿರಾಟದ ಸಂಕಟಕ್ಕೆ ಔಷಧಿ ಕೊಡುತ್ತಾ ಪಕ್ಕದಲ್ಲಿರುವುದು. ಮಾರ್ಫಿನ್ ಅಗ್ಗ. ಆದರೆ ಒಂದು ಎಚ್ಚರ ನಾನು ಬಿಡುವುದಿಲ್ಲ: ಈ ಮಾತುಕತೆಯ ದಿನ ಬಿಲ್ಲಿನ ಹಾಳೆ ಟೇಬಲ್ಲಿನ ಮೇಲೆ ಇರಕೂಡದು. ‘ದುಡ್ಡಿಲ್ಲ ಅಂತ ತೆಗೆಸಿದೆವಾ?’ ಅನ್ನುವ ಪ್ರಶ್ನೆ ಮಗನ ತಲೆಯಲ್ಲಿ ಜೀವಮಾನವಿಡೀ ಉಳಿಯುತ್ತದೆ. ಮೊದಲು ರೋಗದ ಮಾತು, ಅಜ್ಜಿ ಏನು ಬಯಸುತ್ತಿದ್ದರು ಅನ್ನುವ ಮಾತು. ಬಿಲ್ಲಿನ ಮಾತು ಬೇರೆ ದಿನ, ಬೇರೆ ಕೋಣೆಯಲ್ಲಿ, ಬೇರೆಯವರ ಹತ್ತಿರ.

ಇದನ್ನು ಓದುವವರಲ್ಲಿ ಡಾಕ್ಟರುಗಳಿಗಿಂತ ಒಂದಲ್ಲ ಒಂದು ದಿನ ಐಸಿಯು ಹೊರಗೆ ಕೂರಬೇಕಾಗುವವರೇ ಹೆಚ್ಚಿರುತ್ತೀರಿ. ನೀವು ಕೇಳಬಹುದು, ಕೇಳಿದರೆ ಅವಮಾನ ಏನಿಲ್ಲ: ಎಷ್ಟು ದಿನ ಆಗಬಹುದು ಅಂತ ಅಂದಾಜು, ಇವತ್ತಿನ ಟೆಸ್ಟಿನಿಂದ ಏನು ತಿಳಿಯಬೇಕಿದೆ, ಇದೇ ಔಷಧಿ ಜನರಿಕ್ಕಿನಲ್ಲಿ ಇದೆಯಾ, ಇಂಜೆಕ್ಷನ್ ಬದಲು ಟ್ಯೂಬಿನಲ್ಲಿ ಕೊಡಲು ಬರುತ್ತದಾ, ಬಳಸದೆ ಉಳಿದದ್ದು ಫಾರ್ಮಸಿಗೆ ವಾಪಸ್ ಆಯಿತಾ. ರೌಂಡ್ಸ್ ಮುಗಿದ ಮೇಲೆ ಕೇಳಿ, ಮಧ್ಯದಲ್ಲಿ ಬೇಡ. ಒಬ್ಬರೇ ಕೇಳಿ, ಎಂಟು ಜನ ಸುತ್ತುವರಿದು ಬೇಡ. ಸಿಡುಕುವ ಡಾಕ್ಟರು ಸಿಕ್ಕರೆ ಇನ್-ಚಾರ್ಜ್ ಸಿಸ್ಟರನ್ನು ಹುಡುಕಿ.

ಮುಂದಿನ ಮೀಟಿಂಗಿಗೆ ನಮ್ಮ ಫಾರ್ಮಸಿ ಹುಡುಗಿ ಇನ್ನೊಂದು ಪಟ್ಟಿ ಸಿದ್ಧ ಮಾಡುತ್ತಿದ್ದಾಳೆ: ಆಂಟಿಬಯಾಟಿಕ್ ಆದ ಮೆರೊಪೆನೆಮ್‌ಗೆ ನಮ್ಮಲ್ಲಿ ಎಷ್ಟು ಬ್ರ್ಯಾಂಡ್ ಇವೆ, ಯಾವುದರ ಎಂಆರ್‌ಪಿ ಎಷ್ಟು, ಯಾವ ಡಾಕ್ಟರು ಯಾವುದನ್ನು ಬರೆಯುತ್ತಾರೆ. ಕೊನೆಯ ಕಾಲಂ ಬೇಡ ಅಂತ ಮೂವರು ಈಗಾಗಲೇ ಫೋನ್ ಮಾಡಿದ್ದಾರೆ. ಇರಲಿ ಅಂತ ಹೇಳಿದ್ದೇನೆ.